ತಪ್ಪು ಸ್ವರದ ಹನ್ನೆರಡು ಹೆಸರುಗಳು

ಮುನ್ನೂರ ಒಂದನೆಯ ಹೆಸರಿನ ಹತ್ತಿರ ಬಂದಾಗ ಜಲಜಾಕ್ಷಿಯ ಪೆನ್ಸಿಲ್ ನಿಂತಿತು.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೆಸರು ಹಾಗೇ ಇತ್ತು. ಅದರ ಕೆಳಗಿನದ್ದೂ ಹಾಗೇ. ಅದರ ಕೆಳಗಿನದ್ದೂ.

"ಬದ್ರು, ಇಲ್ಲಿ ಬಾ ಮಾರಾಯ. ಇದನ್ನು ಸ್ವಲ್ಪ ಗಟ್ಟಿಯಾಗಿ ಓದು."

ಬದ್ರುದ್ದೀನ್ ಕೂತ ಚಕ್ರದ ಕುರ್ಚಿಯನ್ನೇ ಉರುಳಿಸಿಕೊಂಡು ಬಂದ. ಬರ್ ದುಬೈಯ ಜವಳಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿದ್ದ ಆ ಟೈಪಿಂಗ್ ಸೆಂಟರಿನಲ್ಲಿ ಇದ್ದದ್ದೇ ಎರಡು ಮೇಜು. ಒಂದರಲ್ಲಿ ಉಳ್ಳಾಲದ ಬದ್ರುದ್ದೀನ್ ಅರೇಬಿಕ್ ಫಾರ್ಮುಗಳನ್ನು ತುಂಬುತ್ತಿದ್ದ. ಇನ್ನೊಂದರಲ್ಲಿ ಬ್ರಹ್ಮಾವರದ ಜಲಜಾಕ್ಷಿ, ಹನ್ನೆರಡು ವರ್ಷಗಳಿಂದ, ವೀಸಾ, ಮದುವೆ, ಮರಣದ ಕಾಗದಗಳಲ್ಲಿ ಊರವರ ಹೆಸರುಗಳನ್ನು ಟೈಪ್ ಮಾಡುತ್ತಿದ್ದಳು. ಅದಕ್ಕೂ ಮೊದಲು ಊರಿನ ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಕಲಿಸಿದವಳು.

"ಇದೆಂತ ಹೆಸರು ಟೀಚರೇ? ಕತೊಮಾರೊಸ್... ಮೊರೊರೀಕ್ಸ್... ಕಿಂತೊಗ್ನಾತೊಸ್... ಔಷಧಿಯ ಹೆಸರಿನ ಹಾಗೆ ಉಂಟು."

"ಮನುಷ್ಯರದ್ದೇ. ಸತ್ತವ ಕಟ್ಟಿದ್ದು."

ಸತ್ತವನು ರೇಮಂಡ್ ಕ್ರಾಸ್ತಾ. ಭಾನುವಾರ ಸಂಜೆ ದುಬೈಯಂಚಿನ ರಾಸ್ ಅಲ್ ಖೋರಿನಲ್ಲಿ, ತನ್ನ ಕಂಪನಿಯ ಗೋದಾಮಿನಲ್ಲಿ, ಕಬ್ಬಿಣದ ರ‍್ಯಾಕ್ ಮೈಮೇಲೆ ಬಿದ್ದು ಸತ್ತಿದ್ದ. ಪೊಲೀಸರು ಆಕಸ್ಮಿಕವೆಂದು ಬರೆದು ಫೈಲು ಮುಚ್ಚಿದ್ದರು. ಮರಣದ ಕಾಗದ ಮಾಡಿಸಲು ಬಂದಿದ್ದ ತಂಗಿ ಉರ್ಸುಲಾ, ಅಬುಧಾಬಿಯ ಆಸ್ಪತ್ರೆಯ ನರ್ಸು, ಹಾಳೆಗಳ ಒಂದು ಕಟ್ಟನ್ನು ಮೇಜಿನ ಮೇಲಿಟ್ಟು, "ಟೀಚರ್, ನೀವು ಹೆಸರು ಓದುವವರು. ಇದನ್ನೊಮ್ಮೆ ಓದಿ" ಎಂದು ಹೇಳಿ ಹೋಗಿದ್ದಳು. ಅಷ್ಟೇ. ಬೇರೇನೂ ಹೇಳಿರಲಿಲ್ಲ.

ರೇಮಂಡ್ ಮೊಬೈಲ್ ಗೇಮ್ ಮಾಡುವ ಕಂಪನಿಯೊಂದರಲ್ಲಿ ಬರೆಯುವ ಕೆಲಸಕ್ಕಿದ್ದವನು. ಗೇಮಿನ ಕಥೆ ನಡೆಯುವುದು ಎರಡು ಸಾವಿರ ವರ್ಷಗಳ ಹಿಂದೆ, ಈಗಿನ ಫ್ರಾನ್ಸಿನ ನೆಲದಲ್ಲಿ, ಗಾಲಿಷ್ ಎಂಬ ಭಾಷೆ ಆಡುತ್ತಿದ್ದ ಜನರ ಹಳ್ಳಿಯೊಂದರಲ್ಲಿ. ಆ ಭಾಷೆ ಆಡುವವರು ಯಾರೂ ಉಳಿದಿಲ್ಲ. ಕಲ್ಲಿನ ಮೇಲೆ, ಮಡಕೆಯ ಮೇಲೆ ಕೆತ್ತಿದ ಹೆಸರುಗಳು ಮಾತ್ರ ಉಳಿದಿವೆ. ಆ ಹೆಸರುಗಳನ್ನು ಬಿಡಿಸಿ, ಸಿಕ್ಕಿದ ತುಂಡುಗಳಿಂದ ಹಳ್ಳಿಯವರಿಗೆಲ್ಲ ಹೊಸ ಹೆಸರು ಕಟ್ಟುವುದು ರೇಮಂಡನ ಕೆಲಸ. ಮುನ್ನೂರ ಹನ್ನೆರಡು ಜನ, ಮುನ್ನೂರ ಹನ್ನೆರಡು ಹೆಸರು, ಒಂದೊಂದರ ಎದುರೂ ಅರ್ಥ, ಟೈಪ್ ಮಾಡಿದ ಹೊತ್ತು.

ಎರಡು ದಿನದಿಂದ ಜಲಜಾಕ್ಷಿ ಅದನ್ನೇ ಓದುತ್ತಿದ್ದಳು. ಮೊದಲ ಪುಟದಲ್ಲೇ ಅವಳ ಮೈ ಜುಮ್ಮೆಂದಿತ್ತು. ರೀಕ್ಸ್ ಎಂದರೆ ಅರಸ. ಗ್ನಾತೊಸ್ ಎಂದರೆ ಹುಟ್ಟಿದವನು. ಒಂದರ ಪಕ್ಕ ರಾಜ, ಇನ್ನೊಂದರ ಪಕ್ಕ ಜಾತ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ದೂರದ ನೆಂಟರು ಬಾಗಿಲಿಗೆ ಬಂದು ನಿಂತ ಹಾಗಿತ್ತು.

"ನೋಡು," ಎಂದಳು. "ನಮ್ಮ ಹೆಸರಿನ ಹಾಗೇ ಇವು. ಎರಡು ಶಬ್ದ ಸೇರಿ ಒಂದು. ಧರ್ಮಪಾಲ, ಧರ್ಮವನ್ನು ಕಾಯುವವ. ಶಾಮಸುಂದರ, ಕಪ್ಪಗಿದ್ದು ಚೆಲುವಾದವ."

ಗಂಡನ ಹೆಸರು ಬಾಯಿಗೆ ಬಂದದ್ದಕ್ಕೆ ಅವಳೇ ಒಂದು ಕ್ಷಣ ತಡೆದಳು. ಆರು ವರ್ಷದ ಹಿಂದೆ ಇದೇ ಮೇಜಿನಲ್ಲಿ ಅವನ ಮರಣದ ಫಾರ್ಮನ್ನು ಟೈಪ್ ಮಾಡಿದ್ದೂ ಅವಳೇ. ಕಂಪ್ಯೂಟರು ಆ ಹೆಸರನ್ನು ಮಧ್ಯದಲ್ಲಿ ಮುರಿದು, ಶಾಮ ಫಾರ್ಮಿನ ಒಂದು ಚೌಕಕ್ಕೆ, ಸುಂದರ ಇನ್ನೊಂದು ಚೌಕಕ್ಕೆ ಹಾಕಿತ್ತು. ಸರಿಮಾಡಿಸಲು ಅವಳಿಗೆ ಮೂರು ದಿನ ಹಿಡಿದಿತ್ತು, ಹೆಣ ಮೂರು ದಿನ ಶವಾಗಾರದಲ್ಲೇ ಇತ್ತು.

"ಕತು ಅಂದ್ರೆ ಯುದ್ಧ. ಮೊರಿ ಅಂದ್ರೆ ಕಡಲು. ವಿಂದೊ ಅಂದ್ರೆ ಬಿಳಿ. ಸೇರಿಸುವಾಗ ಪ್ರತಿಯೊಂದಕ್ಕೂ ಅದರದ್ದೇ ಕೊನೆಯ ಸ್ವರ ಉಂಟು, ಅದು ಬದಲಾಗುವುದಿಲ್ಲ. ಕತುಮಾರೊಸ್. ಮೊರಿಮಾರೊಸ್. ವಿಂದೊಮಾರೊಸ್. ರೇಮಂಡ್ ಮುನ್ನೂರು ಹೆಸರು ಕಟ್ಟಿದ್ದಾನೆ, ಒಂದು ಕಡೆಯೂ ಈ ಲೆಕ್ಕ ತಪ್ಪಲಿಲ್ಲ."

"ನನ್ನದರಲ್ಲೂ ಉಂಟಲ್ಲ," ಎಂದ ಬದ್ರುದ್ದೀನ್. "ಬದ್ರ್, ದೀನ್. ಆದ್ರೆ ಬದ್ರೊದೀನ್ ಅಂತ ಬರೆದ್ರೆ ನಮ್ಮಮ್ಮ ಕೆನ್ನೆಗೆ ಹೊಡೀತಾರೆ."

"ಹಾಂ. ಈ ಕೊನೆಯ ಹನ್ನೆರಡು ನೋಡು. ಕತೊ. ಮೊರೊ. ಬಿತೊ. ಕಿಂತೊ. ಎಲ್ಲ ಕಡೆ ಒ, ಒ, ಒ. ಹನ್ನೆರಡಕ್ಕೆ ಹನ್ನೆರಡೂ ತಪ್ಪು."

ಇನ್ನೂ ಒಂದಿತ್ತು. ಇಡೀ ಪಟ್ಟಿಯಲ್ಲಿ ಒಂದು ಹೆಸರೂ ಎರಡು ಸಲ ಬಂದಿರಲಿಲ್ಲ. ಈ ಹನ್ನೆರಡರಲ್ಲಿ ಕಿಂತೊಗ್ನಾತೊಸ್ ಮೂರು ಸಲ ಬಂದಿತ್ತು. ಕಿಂತು ಎಂದರೆ ಮೊದಲು. ಹೆಸರಿನ ಅರ್ಥ, ಮೊದಲು ಹುಟ್ಟಿದವನು.

ಬದ್ರುದ್ದೀನ್ ಹಾಳೆಯ ಅಂಚಿಗೆ ಬೆರಳಿಟ್ಟ. "ಟೈಮ್ ನೋಡಿದ್ರಾ? ಮುನ್ನೂರ ಒಂದು, ಸಂಜೆ ಐದು ಹತ್ತಕ್ಕೆ. ಮುನ್ನೂರ ಹನ್ನೆರಡು, ಆರು ಇಪ್ಪತ್ತಕ್ಕೆ."

ಜಲಜಾಕ್ಷಿ ನೋಡಿದ್ದಳು. ಆರು ಇಪ್ಪತ್ತರವರೆಗೆ ರೇಮಂಡ್ ಬದುಕಿದ್ದನೆಂದು ಪೊಲೀಸರು ನಂಬಿದ್ದು ಇದರ ಮೇಲೆಯೇ. ಏಳೂವರೆಗೆ ಕಾವಲಿನ ಮೊಹಮ್ಮದ್ ಗೋದಾಮಿನ ಶಟರು ಎತ್ತಿದಾಗ ಹೆಣ ಸಿಕ್ಕಿತ್ತು. ಅದೇ ಗೋದಾಮಿನಲ್ಲಿ ಮಧ್ಯಾಹ್ನ ಮೂರಕ್ಕೆ ರೇಮಂಡನ ಜೊತೆ ಕಿರುಚಾಡಿ ಜಗಳವಾಡಿದ ತಿಲಕ್, ಅವನ ಟೀಮಿನ ಮುಖ್ಯಸ್ಥ, ಮೂರೂವರೆಗೆ ಹೊರಟು ಐದಕ್ಕೆ ಅಬುಧಾಬಿಯಲ್ಲಿ ಮೀಟಿಂಗಿಗೆ ಕೂತಿದ್ದ. ಏಳರವರೆಗೆ ಎದ್ದಿರಲಿಲ್ಲ. ಹಾಗಾಗಿ ಅವನನ್ನು ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಇದೆಲ್ಲ ಮರಣದ ಕಾಗದಗಳ ಜೊತೆ ಅವಳ ಮೇಜಿಗೆ ಬಂದ ಪೊಲೀಸ್ ವರದಿಯಲ್ಲೇ ಇತ್ತು.

"ಈ ಹನ್ನೆರಡು ಹೆಸರು ರೇಮಂಡ್ ಕಟ್ಟಿದ್ದಲ್ಲ ಅಂತಾದ್ರೆ," ಎಂದಳು ನಿಧಾನವಾಗಿ, "ಅವ ಸತ್ತದ್ದು ಯಾವಾಗ ಬೇಕಾದ್ರೂ ಆಗಿರಬಹುದು. ಮೂರೂವರೆಗೇ ಆಗಿರಬಹುದು."

ಬದ್ರುದ್ದೀನನ ಮುಖ ಸಣ್ಣಗಾಯಿತು. "ಟೀಚರೇ, ಖಲಾಸ್, ಇಲ್ಲಿಗೆ ಬಿಡಿ. ಪೊಲೀಸರು ಮುಚ್ಚಿದ ಫೈಲು. ಕೈ ಹಾಕಿದ್ರೆ ನಿಮ್ಮ ವೀಸಾ ಹೋಗ್ತದೆ. ಈ ಸೆಂಟರಿನ ಲೈಸೆನ್ಸೂ ಹೋಗ್ತದೆ."

"ನಾಳೆ ಬೆಳಿಗ್ಗೆ ಎಂಬಾಮಿಂಗ್, ಹೆಣ ಕೆಡದ ಹಾಗೆ ಮದ್ದು ತುಂಬಿ ಊರಿಗೆ ಕಳಿಸ್ತಾರೆ. ಆಮೇಲೆ ಆ ಮೈಯಲ್ಲಿ ಎಂತ ಇದ್ರೂ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ಅವಳು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬದ್ರುದ್ದೀನ್ ನೀರಿನ ಬಾಟಲಿಯೊಂದನ್ನು ತಂದು ಅವಳ ಚೀಲದಲ್ಲಿ ತುರುಕಿದ. ಹೊರಗೆ ಜುಲೈಯ ಬಿಸಿಲು.

ಮೆಟ್ರೋದ ಬಾಗಿಲು ಅಲ್ ಬರ್ಷಾದಲ್ಲಿ ತೆರೆದಾಗ ಮಧ್ಯಾಹ್ನ ಒಂದೂವರೆ. ಸ್ಟೇಷನ್ನಿನಿಂದ ತಿಲಕನ ಕಟ್ಟಡಕ್ಕೆ ಹತ್ತು ನಿಮಿಷದ ದಾರಿ. ಅಷ್ಟರಲ್ಲೇ ಅವಳ ಚಪ್ಪಲಿಯ ಅಡಿ ಮೆತ್ತಗಾಗಿತ್ತು.

ಬಾಗಿಲು ತೆರೆದವಳು ಹೆಂಡತಿ ಶರ್ಮಿಳಾ. ಶುಕ್ರವಾರದ ಕನ್ನಡ ಕ್ಲಾಸಿನ ಟೀಚರೆಂದು ಗುರುತು ಹಿಡಿದು, ಮುಖದಲ್ಲಿ ನಗು ತಂದುಕೊಳ್ಳಲು ನೋಡಿದಳು. ಆಗಲಿಲ್ಲ.

"ಅವ್ರು ಭಾನುವಾರದಿಂದ ಆಫೀಸಿಗೆ ಹೋಗ್ಲಿಲ್ಲ ಜಲಜಕ್ಕ. ಊಟ ಮಾಡುವುದಿಲ್ಲ. ಎಂತ ಕೇಳಿದ್ರೂ ಮಾತಿಲ್ಲ. ನೀವಾದ್ರೂ ಸ್ವಲ್ಪ ಹೇಳಿ."

ತಿಲಕ್ ಒಳಕೋಣೆಯಲ್ಲಿದ್ದ. ಪರದೆ ಎಳೆದಿತ್ತು. ಮೂವತ್ತೆಂಟರ ಮನುಷ್ಯ ಮೂರು ದಿನದಲ್ಲಿ ಐವತ್ತರವನ ಹಾಗಾಗಿದ್ದ. ಜಲಜಾಕ್ಷಿ ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದು ಅವನೆದುರು ಕೂತು, ನೇರವಾಗಿ ಕೇಳಿದಳು.

"ಭಾನುವಾರ ಮೂರು ಗಂಟೆಗೆ ರೇಮಂಡನ ಜೊತೆ ಜಗಳ ಎಂತದಕ್ಕೆ?"

"ನಿಮಗೆ ಯಾರು ಹೇಳಿದ್ದು?"

"ಮೊಹಮ್ಮದ್ ಕೇಳಿಸಿಕೊಂಡಿದ್ದಾನೆ. ಗೇಟಿನವರೆಗೆ ಕೇಳ್ತಿತ್ತಂತೆ."

ತಿಲಕ್ ಅಂಗೈಯಿಂದ ಮುಖ ಒರೆಸಿಕೊಂಡ. "ಹೆಸರಿಗೆ."

"ಯಾವ ಹೆಸರಿಗೆ?"

"ಅವ ಕಟ್ಟಿದ ಹೆಸರುಗಳಿಗೆ. ನಾನು ಅವನ್ನೆಲ್ಲ ನಂದು ಅಂತ ತೋರಿಸಿದ್ದೆ. ಪ್ರೆಸೆಂಟೇಶನಿನಲ್ಲಿ ಅವನ ಹೆಸರೇ ಇರ್ಲಿಲ್ಲ. ಅದು ಅವನಿಗೆ ಭಾನುವಾರ ಗೊತ್ತಾಯ್ತು. ತಪ್ಪು ನಂದೇ ಅಕ್ಕ. ಆದ್ರೆ ನಾನು ಅವನನ್ನು ಮುಟ್ಲಿಲ್ಲ. ನಾನು ಹೊರಡುವಾಗ ಅವ ಅಲ್ಲೇ, ಗೇಮಿನ ಜಾಹೀರಾತಿಗೆ ಮಾಡಿಸಿದ ಆ ಗುರಾಣಿ, ಈಟಿ ಎಲ್ಲ ಇಟ್ಟ ರ‍್ಯಾಕಿನ ಹತ್ತಿರ, ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ನನ್ನ ಮುಖ ಸಹ ನೋಡ್ಲಿಲ್ಲ."

ಜಲಜಾಕ್ಷಿ ಚೀಲದಿಂದ ಖಾಲಿ ಹಾಳೆ ತೆಗೆದು ಅವನ ಮುಂದಿಟ್ಟಳು. ಪೆನ್ಸಿಲ್ ಕೊಟ್ಟಳು.

"ಯುದ್ಧ. ಅರಸ. ಒಂದು ಹೆಸರು ಕಟ್ಟಿ."

"ಎಂತ?"

"ಕಟ್ಟಿ. ಈಗಲೇ."

ಅವನು ಅವಳನ್ನೇ ನೋಡುತ್ತ ಬರೆದ. ಕತುರೀಕ್ಸ್.

"ಲೋಕ, ಅರಸ."

ಬಿತುರೀಕ್ಸ್.

"ಕಡಲು, ದೊಡ್ಡವ. ಮೊದಲು, ಹುಟ್ಟಿದವ."

ಮೊರಿಮಾರೊಸ್. ಕಿಂತುಗ್ನಾತೊಸ್. ಪೆನ್ಸಿಲ್ ಒಂದು ಕಡೆಯೂ ತಡೆಯಲಿಲ್ಲ. ನಾಲ್ಕಕ್ಕೆ ನಾಲ್ಕೂ ಸರಿ.

ಜಲಜಾಕ್ಷಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದು ಇಲ್ಲಿ ಸ್ವಲ್ಪ ಕುಸಿಯಿತು. ಆದರೂ ಅವಳು ಕೊನೆಯ ಪುಟ ತೆಗೆದು ಅವನ ಕೈಗೆ ಕೊಟ್ಟಳು.

"ಇದನ್ನು ಟೈಪ್ ಹೊಡೆದದ್ದು ಯಾರು? ಮೀಟಿಂಗಿನಲ್ಲಿ ಕೂತು ನೀವೇ ಹೊಡೆದದ್ದಾ? ಅವ ಬದುಕಿದ್ದಾನೆ ಅಂತ ತೋರಿಸ್ಲಿಕ್ಕೆ?"

ತಿಲಕ್ ಓದಿದ. ಕೊನೆಗೆ ಹಾಳೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ.

"ನನ್ನ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಹಾಕಿತ್ತು. ಆರು ಜನ ಅದನ್ನೇ ನೋಡ್ತಾ ಕೂತಿದ್ರು. ಬೇಕಾದ್ರೆ ಕೇಳಿ. ಆದ್ರೆ ಅಕ್ಕ, ನೀವು ಒಂದು ನೋಡ್ಲಿಲ್ಲ."

"ಎಂತ?"

"ಈ ಶೀಟಿನಲ್ಲಿ ಮೇಲೆ ನೋಡಿದ್ರೆ ಕತು ಅಂತ ಸರಿಯಾಗಿ ನಲವತ್ತು ಕಡೆ ಉಂಟು. ಕಿಂತುಗ್ನಾತೊಸ್ ಸಹ ಮೂರನೇ ಪುಟದಲ್ಲಿ ಸರಿಯಾಗೇ ಉಂಟು. ಗೊತ್ತಿಲ್ಲದವ ಕಳ್ಳ ಹೆಸರು ಹಾಕುವುದಾದ್ರೆ ಎಂತ ಮಾಡ್ತಾನೆ? ಮೇಲಿನದ್ದು ನೋಡಿ ಇಳಿಸ್ತಾನೆ. ಹತ್ತರಲ್ಲಿ ಒಂಬತ್ತಾದ್ರೂ ಸರಿ ಆಗ್ತದೆ. ಹನ್ನೆರಡಕ್ಕೆ ಹನ್ನೆರಡೂ ತಪ್ಪು ಮಾಡ್ಬೇಕಾದ್ರೆ..."

"ಸರಿ ಯಾವುದು ಅಂತ ಗೊತ್ತಿರ್ಬೇಕು," ಎಂದು ಮುಗಿಸಿದಳು ಜಲಜಾಕ್ಷಿ.

"ಹೌದು. ಅದೂ ಒ ತಕೊಳ್ಳುವ ಶಬ್ದ ಒಂದನ್ನೂ ಮುಟ್ಲಿಲ್ಲ. ವಿಂದೊ ಇಲ್ಲ, ಸೆಗೊ ಇಲ್ಲ. ತಪ್ಪು ಮಾಡ್ಲಿಕ್ಕೆ ಆಗುವ ಶಬ್ದಗಳನ್ನೇ ಹುಡುಕಿ ತೆಗೆದ ಹಾಗೆ. ಇಷ್ಟು ಬಿಗಿಯಾಗಿ ತಪ್ಪು ಮಾಡ್ಲಿಕ್ಕೆ ನಂಗೂ ಆಗ್ಲಿಕ್ಕಿಲ್ಲ. ಅವನೊಬ್ಬನಿಗೇ ಆಗುವುದು."

ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಮಕ್ಕಳ ತಪ್ಪು ತಿದ್ದಿದ ಹೆಂಗಸಿಗೆ ಇದು ಹೊಳೆಯಬೇಕಿತ್ತು. ಗೊತ್ತಿಲ್ಲದ ಮಗು ಒಮ್ಮೆ ತಪ್ಪು ಬರೆಯುತ್ತದೆ, ಒಮ್ಮೆ ಕಣ್ಣುಮುಚ್ಚಿ ಸರಿ ಬರೆಯುತ್ತದೆ. ಒಂದೂ ಬಿಡದೆ ತಪ್ಪು ಬರೆಯುವ ಮಗು ಏನನ್ನೋ ಹೇಳುತ್ತಿರುತ್ತದೆ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಹಾಗಾದ್ರೆ ರೇಮಂಡ್ ಆರು ಇಪ್ಪತ್ತರವರೆಗೆ ಬದುಕಿದ್ದ."

"ಬದುಕಿದ್ದ ಅಂತ ನಾನೂ ಹೇಳ್ತೇನೆ. ಆದ್ರೆ..." ತಿಲಕ್ ಎದ್ದು ಬಾಗಿಲಿನ ಚಿಲಕ ಹಾಕಿ ಬಂದ. "ನಿಮಗೊಂದು ತೋರಿಸ್ತೇನೆ. ಇದನ್ನು ಶರ್ಮಿಳಾಳಿಗೂ ಹೇಳ್ಲಿಲ್ಲ."

ಅವನು ತನ್ನ ಲ್ಯಾಪ್‌ಟಾಪ್ ತೆರೆದ. ಟೀಮಿನ ಯಾರು, ಯಾವ ಹೊತ್ತಿಗೆ, ಎಲ್ಲಿಂದ ಆಫೀಸಿನ ಶೀಟುಗಳನ್ನು ತೆರೆದರು ಎನ್ನುವುದು ಮುಖ್ಯಸ್ಥನಿಗೆ ಕಾಣುತ್ತಿತ್ತು. ಭಾನುವಾರದ ಸಾಲುಗಳು. ರೇಮಂಡನ ಹೆಸರು ಬೆಳಗಿನಿಂದ ಮೂರೂವರೆವರೆಗೆ ದುಬೈ, ದುಬೈ, ದುಬೈ ಎಂದಿತ್ತು. ಆಮೇಲೆ ಖಾಲಿ. ಐದು ಹತ್ತಕ್ಕೆ ಅದೇ ಹೆಸರು ಮತ್ತೆ ಎದ್ದಿತ್ತು. ಪಕ್ಕದಲ್ಲಿ ಊರು ಬೇರೆ.

ಅಬುಧಾಬಿ.

"ಅವನ ಹೆಣ ರಾಸ್ ಅಲ್ ಖೋರಿನಲ್ಲಿ," ಎಂದ ತಿಲಕ್ ಪಿಸುಮಾತಿನಲ್ಲಿ. "ಅವನ ಹೆಸರು ಅಬುಧಾಬಿಯಲ್ಲಿ. ಆ ಹೊತ್ತಿಗೆ ನಮ್ಮ ಆಫೀಸಿನವರಲ್ಲಿ ಅಬುಧಾಬಿಯಲ್ಲಿ ಇದ್ದದ್ದು ಯಾರು? ನಾನೊಬ್ಬ. ಇದನ್ನು ಪೊಲೀಸರಿಗೆ ತೋರಿಸಿದ್ರೆ ಅವರು ಯಾರನ್ನು ಹಿಡೀತಾರೆ, ಹೇಳಿ? ಜಗಳ ಆಡಿದ್ದೂ ನಾನೇ. ಹೆಸರು ಕದ್ದದ್ದೂ ನಾನೇ."

"ಅದಕ್ಕೆ ಸುಮ್ಮನಿದ್ರಾ?"

"ಸುಮ್ಮನಿದ್ದೆ. ಅವ ಸತ್ತಿದ್ದಾನೆ, ನಾನು ಸುಮ್ಮನಿದ್ದೆ." ಅವನು ಮಂಚದ ಅಂಚಿಗೆ ಕುಸಿದ. "ಮೂರು ದಿನದಿಂದ ಗಂಟೆ ಬಾರಿಸಿದ್ರೆ ಪೊಲೀಸ್ ಅಂತ ಅನ್ನಿಸ್ತದೆ. ಇವತ್ತು ನೀವು ಬಂದಾಗಲೂ ಹಾಗೇ ಅನ್ನಿಸ್ತು."

ಜಲಜಾಕ್ಷಿ ಅವನನ್ನು ಸಮಾಧಾನ ಮಾಡಲಿಲ್ಲ. ಕದ್ದವನು ಎನ್ನುವುದಕ್ಕೆ ಅವನೇ ಸಾಕ್ಷಿ ಹೇಳಿದ್ದ. ಕೊಂದವನು ಎನ್ನಲು ಅವಳ ಹತ್ತಿರ ಈಗ ಏನೂ ಉಳಿದಿರಲಿಲ್ಲ. ಎದ್ದು ಹಾಳೆ ಮಡಚಿಕೊಂಡಳು.

"ಆ ಪೇಜಿನ ಫೋಟೋ ತೆಗೆದು ನನಗೆ ಕಳಿಸಿ. ಅಳಿಸಬೇಡಿ. ಅಳಿಸಿದ್ರೆ ನಾನೇ ಪೊಲೀಸ್ ಸ್ಟೇಷನ್ನಿಗೆ ಹೋಗ್ತೇನೆ."

ಮರಳುವ ಮೆಟ್ರೋದಲ್ಲಿ ಹೆಂಗಸರ ಡಬ್ಬಿ ತುಂಬಿತ್ತು. ಕಂಬ ಹಿಡಿದು ನಿಂತು ಅವಳು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಸರು ಕಟ್ಟಿದ ತಲೆ ರೇಮಂಡನದ್ದು. ಟೈಪ್ ಮಾಡಿದ ಬೆರಳು ಅಬುಧಾಬಿಯದ್ದು. ತಲೆ ಒಂದು ಕಡೆ, ಬೆರಳು ಒಂದು ಕಡೆ. ಅವಳ ಮೇಜಿನಲ್ಲಿ ದಿನಾ ನಡೆಯುವುದೂ ಅದೇ. ಎದುರಿಗೆ ಕೂತವರು ಹೇಳುತ್ತಾರೆ, ಅವಳು ಹೊಡೆಯುತ್ತಾಳೆ.

ಯಾರೋ ಹೇಳಿದ್ದನ್ನು ಯಾರೋ ಬರೆದುಕೊಂಡಿದ್ದರು. ರೇಮಂಡನ ಪಾಸ್‌ವರ್ಡ್ ಗೊತ್ತಿದ್ದವರು. ಅವನು ಫೋನ್ ಮಾಡಿದರೆ ಎತ್ತುವವರು. ಅಬುಧಾಬಿಯಲ್ಲಿ ಇರುವವರು.

ಬರ್ಜುಮಾನ್ ಸ್ಟೇಷನ್ ದಾಟಿಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಮುಂದಿನದರಲ್ಲಿ ಇಳಿದು, ವಾಪಸು ಬಂದು, ಮೆಟ್ಟಿಲ ಹತ್ತಿರ ಬೆವರುತ್ತ ನಿಂತು ಉರ್ಸುಲಾಳಿಗೆ ಫೋನ್ ಮಾಡಿದಳು.

"ಕಾಗದ ರೆಡಿ ಉಂಟು. ಬೇಗ ಬಾ. ನಿನ್ನ ಸಹಿ ಬೇಕು."

ಐದೂವರೆಗೆ ಉರ್ಸುಲಾ ಬಂದಳು. ನರ್ಸಿನ ಬಿಳಿ ಬೂಟು ಹಾಗೇ ಇತ್ತು, ಡ್ಯೂಟಿಯಿಂದ ನೇರವಾಗಿ ಬಂದದ್ದು. ಇಪ್ಪತ್ತೊಂಬತ್ತರ ಹುಡುಗಿ. ಕಣ್ಣಿನ ಸುತ್ತ ಕಪ್ಪು ಇಳಿದಿತ್ತು.

"ದೊಡ್ಡಣ್ಣ ಕೆಳಗೆ ಕಾರಿಗೆ ಜಾಗ ಹುಡುಕ್ತಿದ್ದಾನೆ," ಎಂದಳು. "ಬಸ್ಸಿಳಿದಲ್ಲಿಂದ ಅವನೇ ಕರ್ಕೊಂಡು ಬಂದ. ನಾಳೆ ಬಾಡಿಯ ಜೊತೆ ಹೋಗುವುದೂ ಅವನೇ."

ದೊಡ್ಡಣ್ಣ ಕ್ಲೈವ್ ಕ್ರಾಸ್ತಾ. ಕಾಗದದಲ್ಲಿ ಅವನ ಹೆಸರನ್ನು ಜಲಜಾಕ್ಷಿ ಸೋಮವಾರವೇ ಟೈಪ್ ಮಾಡಿದ್ದಳು. ಹತ್ತು ವರ್ಷದಿಂದ ದುಬೈಯಲ್ಲಿ ಕಾರು ರಿಪೇರಿಯ ಗ್ಯಾರೇಜು ನಡೆಸುವವನು. ಮೂವರು ಮಕ್ಕಳಲ್ಲಿ ಅವನು ಹಿರಿಯ, ರೇಮಂಡ್ ನಡುವಿನವ, ಉರ್ಸುಲಾ ಕಿರಿಯವಳು. ತಂದೆ ತಾಯಿ ತೀರಿದ ಮೇಲೆ ಇಬ್ಬರನ್ನೂ ಇಲ್ಲಿಗೆ ಕರೆಸಿದ್ದು ಅವನೇ.

ಬದ್ರುದ್ದೀನ್ ಕಾಗದಗಳನ್ನು ಪ್ರಿಂಟರಿನಿಂದ ತೆಗೆದು ತಂದ. ಜಲಜಾಕ್ಷಿ ಅವನ್ನು ತೆಗೆದುಕೊಂಡು, ಉರ್ಸುಲಾಳ ಮುಂದಿಡದೆ, ತನ್ನ ಮೊಣಕೈಯ ಕೆಳಗಿಟ್ಟಳು.

"ಬದ್ರು, ಕೆಳಗೆ ಹೋಗಿ ಮೂರು ಚಾ ಹೇಳಿ ಬಾ."

ಬದ್ರುದ್ದೀನ್ ಅವಳ ಮುಖ ನೋಡಿ ಕೆಳಗಿಳಿದ.

"ಉರ್ಸುಲಾ, ಭಾನುವಾರ ಸಂಜೆ ಐದು ಗಂಟೆಗೆ ನೀನು ಎಲ್ಲಿದ್ದೆ?"

"ಡ್ಯೂಟಿಯಲ್ಲಿ. ಹೇಳಿದ್ದೆನಲ್ಲ ಟೀಚರ್."

"ಡ್ಯೂಟಿಯ ಮಧ್ಯೆ ರೇಮಂಡ್ ಫೋನ್ ಮಾಡಿದ."

ಉರ್ಸುಲಾ ಕುತ್ತಿಗೆಯ ಶಿಲುಬೆಯನ್ನು ಹಿಡಿದುಕೊಂಡಳು.

"ಅವ ಹೇಳಿದ, ನೀನು ಅವನ ಶೀಟಿನಲ್ಲಿ ಹೊಡೆದೆ. ಹನ್ನೆರಡು ಹೆಸರು. ಅದನ್ನೇ ನನಗೆ ತಂದುಕೊಟ್ಟೆ. ಬಾಯಿ ಬಿಟ್ಟು ಹೇಳ್ಲಿಲ್ಲ, ನಾನೇ ಕಂಡುಹಿಡೀಲಿ ಅಂತ ಬಿಟ್ಟೆ. ಯಾಕೆ ಮಗಾ?"

ಹುಡುಗಿಯ ಮುಖ ಒಮ್ಮೆಲೇ ಮುದುಡಿತು. ಅಳು ಬರಲಿಲ್ಲ.

"ನಾನು ನರ್ಸ್ ಟೀಚರ್," ಎಂದಳು ಕಡೆಗೆ. "ಐಸಿಯುವಿನಲ್ಲಿ ಆರು ವರ್ಷ. ಉಸಿರು ಹೇಗೆ ಬರ್ತದೆ, ಹೇಗೆ ಹೋಗ್ತದೆ, ನಿದ್ದೆಯಲ್ಲೂ ಗೊತ್ತಾಗ್ತದೆ ನಂಗೆ. ಅವ ಒಂದು ಹೆಸರು ಹೇಳುವುದು. ಆಮೇಲೆ ಐದು ನಿಮಿಷ ಸುಮ್ಮನೆ. ಮತ್ತೆ ಒಂದು ಹೇಳುವುದು. ಉಸಿರು ಸಣ್ಣ, ಸಣ್ಣ. ಎಂತ ಆಗಿದೆ ನಿಂಗೆ ಅಂತ ಕೇಳಿದೆ. ಸುಸ್ತು, ಗೋದಾಮಿನಲ್ಲಿ ಸೆಕೆ, ಕೈ ನೋಯ್ತದೆ, ನೀನೇ ಹೊಡಿ, ಇವತ್ತೇ ಮುಗಿಸ್ಬೇಕು ಅಂದ. ನಾನು ನಂಬಿದೆ. ಅವನ ಎದೆಯ ಮೇಲೆ ಕಬ್ಬಿಣ ಇತ್ತು ಟೀಚರ್. ನಾನು ಫೋನ್ ಸ್ಪೀಕರಿನಲ್ಲಿಟ್ಟು ನರ್ಸಸ್ ರೂಮಿನಲ್ಲಿ ಆಗಾಗ ಬಂದು ಕೂತು ಟೈಪ್ ಮಾಡ್ತಿದ್ದೆ."

ಜಲಜಾಕ್ಷಿ ಅವಳ ಕೈ ಹಿಡಿದುಕೊಂಡಳು. ಬೆರಳು ತಣ್ಣಗಿತ್ತು.

"ಹೆಸರು ತಪ್ಪು ಅಂತ ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು. ರಜೆಯ ದಿನ ಅವನ ಜೊತೆ ಕೂತು ನಾನೂ ಹೆಸರು ಕಟ್ಟಿದವಳು. ಕತೊ ಅಲ್ವಲ್ಲ ರೇಮಂಡ್, ಕತು ಅಲ್ವಾ ಅಂದೆ. ಅವ ಮಾತಾಡ್ಲಿಲ್ಲ. ಕಿಂತೊಗ್ನಾತೊಸ್ ಅಂದ. ಅದೂ ತಪ್ಪು ಅಂದೆ. ಮತ್ತೆ ಅದನ್ನೇ ಹೇಳಿದ. ಮೂರು ಸಲ ಅದನ್ನೇ ಹೇಳಿದ. ನಾನು ಸಿಟ್ಟಿನಲ್ಲಿ, ನಂಗೆ ಪೇಶಂಟ್ ಇದ್ದಾರೆ, ಸರಿಯಾಗಿ ಹೇಳುದಾದ್ರೆ ಹೇಳು, ಇಲ್ಲಾಂದ್ರೆ ಇಡ್ತೇನೆ ಅಂದೆ." ಅವಳು ಕಣ್ಣು ಮುಚ್ಚಿದಳು. "ನಾನು ಅವನಿಗೆ ಕೊನೆಗೆ ಹೇಳಿದ್ದು ಅದು."

ಕೆಳಗಿನ ಗಲ್ಲಿಯಿಂದ ಯಾವುದೋ ಅಂಗಡಿಯ ಶಟರು ಎಳೆದ ಸದ್ದು ಬಂತು. ಉರ್ಸುಲಾ ಬೆಚ್ಚಿದಳು.

"ಅವನಿಗೆ ಸಹಾಯ ಬೇಕು ಅಂತ ಬಾಯಿಬಿಟ್ಟು ಹೇಳಬಹುದಿತ್ತು," ಎಂದಳು ಜಲಜಾಕ್ಷಿ. ಮಾತು ಬಾಯಿಂದ ಹೊರಡುವಾಗಲೇ ಉತ್ತರ ಅವಳಿಗೆ ಹೊಳೆಯಿತು. ಎದೆಯ ಮೇಲೆ ಕಬ್ಬಿಣ ಬಿದ್ದವನು, ಕೈಯಲ್ಲಿ ಫೋನಿದ್ದವನು, ತಂಗಿ ನರ್ಸಾಗಿರುವವನು. ಅವನು ಕಾಪಾಡು ಎನ್ನದೆ ಸತ್ತ ಭಾಷೆಯ ಹೆಸರುಗಳನ್ನು, ಅದೂ ತಪ್ಪಾಗಿ, ಹೇಳಬೇಕಾದರೆ ಒಂದೇ ಕಾರಣ ಇರಲು ಸಾಧ್ಯ. "ಪಕ್ಕದಲ್ಲಿ ಯಾರೋ ಇದ್ರು. ಫೋನ್ ಹಿಡಿದುಕೊಂಡಿದ್ದದ್ದೂ ಅವರೇ. ಅವ ಆರು ಇಪ್ಪತ್ತರವರೆಗೆ ಆರಾಮ ಕೆಲಸ ಮಾಡ್ತಿದ್ದ ಅಂತ ತೋರಿಸ್ಲಿಕ್ಕೆ ಹೆಸರು ಹೇಳಿಸಿದ್ದೂ ಅವರೇ."

ಉರ್ಸುಲಾ ತಲೆಯಾಡಿಸಿದಳು.

"ನಾನು ಇಡ್ತೇನೆ ಅಂದಾಗ ಹಿಂದಿನಿಂದ ಒಬ್ಬರು ಮಾತಾಡಿದ್ರು. ಒಂದೇ ಮಾತು. ಮೆಲ್ಲಗೆ. 'ಅವ ಹೇಳಿದ ಹಾಗೇ ಬರಿ, ಮುಗಿಸು' ಅಂತ. ಆಫೀಸಿನವರು ಯಾರೋ ಅಂತ ನಾನು ಗ್ರಹಿಸಿದೆ. ರಾತ್ರಿ ಸುದ್ದಿ ಬಂದ ಮೇಲೆ ಯೋಚನೆ ಮಾಡಿ ಮಾಡಿ... ಆ ಮಾತು ಕನ್ನಡದಲ್ಲಿ ಇರ್ಲಿಲ್ಲ ಟೀಚರ್. ಹಿಂದಿಯಲ್ಲೂ ಅಲ್ಲ."

"ಮತ್ತೆ?"

"ಕೊಂಕಣಿ. ನಮ್ಮ ಮನೆಮಾತು."

ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದಾಯಿತು. ಬದ್ರುದ್ದೀನನ ರಬ್ಬರು ಚಪ್ಪಲಿಯ ಸದ್ದಲ್ಲ ಅದು. ಭಾರದ ಬೂಟು, ಒಂದೊಂದೇ ಮೆಟ್ಟಿಲು, ಅವಸರವಿಲ್ಲದೆ.

"ದುಬೈಯಲ್ಲಿ ಕೊಂಕಣಿಯವರು ಸಾವಿರ ಜನ ಇದ್ದಾರೆ," ಎಂದಳು ಜಲಜಾಕ್ಷಿ, ದನಿ ತಗ್ಗಿಸಿ. "ಯಾರ ದನಿ ಅದು? ಗುರುತು ಸಿಕ್ಕಿತಾ?"

ಉರ್ಸುಲಾ ಬಾಗಿಲಿನತ್ತ ನೋಡಿದಳು.

ಗಾಜಿನ ಬಾಗಿಲು ತಳ್ಳಿಕೊಂಡು ಅಗಲ ಹೆಗಲಿನ ಕ್ಲೈವ್ ಒಳಗೆ ಬಂದ, ಮೂವರಲ್ಲಿ ಮೊದಲು ಹುಟ್ಟಿದವನು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಕಣ್ಣು ಅತ್ತು ಕೆಂಪಾಗಿತ್ತು. ಜಲಜಾಕ್ಷಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದ. ಅವಳ ಮೊಣಕೈಯ ಕೆಳಗಿದ್ದ ಕಾಗದಗಳನ್ನು ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

"ಜಾಲೆಂಗೀ ಉರ್ಸುಲಾ?" ಎಂದ, ಆಯಿತೇ ಎಂದು, ಮೆಲ್ಲಗೆ.

ಮೇಜಿನ ಕೆಳಗೆ ಉರ್ಸುಲಾಳ ಉಗುರುಗಳು ಜಲಜಾಕ್ಷಿಯ ಮಣಿಕಟ್ಟಿನೊಳಕ್ಕೆ ಇಳಿದವು.